ಹಸಿರು ಟೊಪ್ಪಿಗೆಯ ಕೆಳಗೆ

ಇತವಾರಿ, ನಾಗಪುರ
ಸೋಮವಾರ, ೯ ಫೆಬ್ರುವರಿ ೨೦೨೬

ಸಿದ್ದೇಶನ ಅಪ್ಪನವರಿಗೆ,

ಶರಣು ಶರಣಾರ್ಥಿ. ಎಷ್ಟೇ ಸಿಟ್ಟಿದ್ದರೂ ಶರಣು ಹೇಳದೆ ಕಾಗದ ಶುರು ಮಾಡುವ ರೂಢಿ ನನಗಿಲ್ಲ. ಹೊಟ್ಟೆ ಹೇಗಿದೆ? ಎಡಗಡೆಯ ನೋವು ಕಡಿಮೆಯಾಯಿತೇ? ರಕ್ತ ಮತ್ತೆ ಬಿತ್ತೇ? ರಾತ್ರಿ ನಿದ್ದೆ ಬರುತ್ತಿದೆಯೇ? ಊಟ ಹೇಗೆ ಮಾಡುತ್ತಿದ್ದೀರಿ ಎಂದು ಮಾತ್ರ ಕೇಳುವುದಿಲ್ಲ, ಅದರ ಕಾರಣ ಮುಂದೆ ಬರುತ್ತದೆ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಾಗಿತ್ತು. ನೀವು ಫೋನ್ ಬಂದ್ ಮಾಡಿ ಕಿಸೆಯಲ್ಲಿಟ್ಟುಕೊಂಡು ಬ್ಯಾಡಗಿಯ ತುಂಬ ತಿರುಗುತ್ತಿದ್ದೀರಂತೆ. ನಿಮ್ಮ ಅಕ್ಕ ಚಂದ್ರಮ್ಮನವರ ಫೋನಿಗೆ ಮಾಡಿದರೆ ಅವರು 'ಮಲಗ್ಯಾನವ್ವಾ' ಎನ್ನುತ್ತಾರೆ. ಹಿಂದಿನಿಂದ ನೀವು 'ಜಳಕಕ್ಕ ಹೋಗ್ಯಾನ ಅನ್ನು' ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅಕ್ಕ ತಮ್ಮ ಇಬ್ಬರೂ ಕೂತು ಮೊದಲು ಯಾವುದಾದರೂ ಒಂದು ಸುಳ್ಳನ್ನು ನಿಶ್ಚಯ ಮಾಡಿಕೊಳ್ಳಿ.

ಆದ್ದರಿಂದ ಈ ಕಾಗದ. ನಿಮ್ಮನ್ನು ಲಾರಿಯಲ್ಲಿ ಕೂಡಿಸಿಕೊಂಡು ಹೋದ ಬಾಬುವಿನ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮ ಕೈಗೆ ಕೊಟ್ಟು, ನೀವು ಓದಿ ಮುಗಿಸುವವರೆಗೆ ಎದುರಿಗೇ ನಿಂತಿರು ಎಂದು ಹೇಳಿದ್ದೇನೆ. ನಿಂತಿರುತ್ತಾನೆ, ಅವನಿಗೆ ನಿಮಗಿಂತ ನನ್ನ ಹೆದರಿಕೆ ಹೆಚ್ಚು. ಮುಖ್ಯವಾದದ್ದನ್ನು ಮೊದಲೇ ಬರೆದುಬಿಡುತ್ತೇನೆ. ಆಪರೇಶನ್ನಿಗೆ ಬೇರೆ ದಿನ ಕೊಟ್ಟಿದ್ದಾರೆ. ಶಿವರಾತ್ರಿ ಮುಗಿದ ಮೇಲಿನ ಗುರುವಾರ. ಬುಧವಾರ ಬೆಳಿಗ್ಗೆ ನೀವು ಆಸ್ಪತ್ರೆಯಲ್ಲಿರಬೇಕು. ಸ್ಕ್ಯಾನಿನಲ್ಲಿ ಗಡ್ಡೆ ಬೇರೆ ಕಡೆ ಹರಡಿದ್ದು ಕಂಡಿಲ್ಲ, ಈಗ ತೆಗೆದರೆ ಪೂರ್ತಿ ತೆಗೆಯಬಹುದು, ತಡ ಮಾಡಿದರೆ ಅದು ನೀವು ಮೆಣಸಿನಕಾಯಿ ಧಾರಣೆ ಕೇಳಿ ಮುಗಿಸುವವರೆಗೆ ಕಾಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಮೆಣಸಿನಕಾಯಿಯ ಮಾತು ನನ್ನದು, ಉಳಿದದ್ದು ಅವರದು.

ನಿಮ್ಮ ಜೊತೆ ಸಂಸಾರ ಮಾಡಿ ನನಗೆ ತಾಳ್ಮೆ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಬಂದದ್ದು ನಿಜ. ಈ ಚಳಿಗಾಲದಲ್ಲಿ ಅದು ಖರ್ಚಾಗಿ ಹೋಯಿತು. ದೀಪಾವಳಿಯಿಂದ ರಕ್ತ ಬೀಳುತ್ತಿತ್ತು, ನನಗೆ ಹೇಳಲಿಲ್ಲ. ಮೂಲವ್ಯಾಧಿ ಎಂದು ನೀವೇ ನಿರ್ಣಯ ಮಾಡಿಕೊಂಡು, ಯಾರೋ ವೈದ್ಯನಿಂದ ಪುಡಿ ತಂದು ಅಡುಗೆಮನೆಯಲ್ಲಿ ಜೀರಿಗೆ ಡಬ್ಬಿಯ ಪಕ್ಕ ಬಚ್ಚಿಟ್ಟಿರಿ. ಅದನ್ನು ಜೀರಿಗೆ ಪುಡಿ ಎಂದುಕೊಂಡು ನಾನು ಸಾರಿಗೆ ಹಾಕಿ, ಮರುದಿನ ಮನೆಮಂದಿಯೆಲ್ಲ ಸಂಡಾಸಿನ ಮುಂದೆ ಸರದಿಯಲ್ಲಿ ನಿಂತಿದ್ದೂ ಆಯಿತು. ಆಗಲೂ ಬಾಯಿ ಬಿಡಲಿಲ್ಲ. ಕೊನೆಗೆ ಅಂಗಡಿಯಲ್ಲಿ ತಲೆ ತಿರುಗಿ ಮೆಣಸಿನಕಾಯಿ ಚೀಲದ ಮೇಲೆ ಕುಸಿದಾಗ ಸಿದ್ದೇಶ ಎತ್ತಿಕೊಂಡು ಆಸ್ಪತ್ರೆಗೆ ಓಡಿದ. ಕ್ಯಾಮೆರಾದ ನಳಿಕೆ ಹಾಕಿ ಕರುಳು ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಎಂದು ಡಾಕ್ಟರ್ ಹೃಷಿಕೇಶ ಹೇಳಿದಾಗ ಅತ್ತವಳು ಅಮಿತಾ. ಮಗನಿಗಿಂತ ಮೊದಲು ಸೊಸೆ ಅತ್ತಳು. ನೀವು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಿರಿ. ನಾನು ನಿಮ್ಮನ್ನು ನೋಡುತ್ತಿದ್ದೆ.

ಪಾಪ, ಆ ಡಾಕ್ಟರು ಎಷ್ಟು ಸಮಾಧಾನದಿಂದ ತಿಳಿಸಿ ಹೇಳಿದರು. ಹೊಟ್ಟೆಯನ್ನು ಉದ್ದಕ್ಕೆ ಸೀಳುವುದಿಲ್ಲ, ಸಣ್ಣ ಸಣ್ಣ ತೂತು ಮಾಡಿ ಒಂದರಲ್ಲಿ ಕ್ಯಾಮೆರಾ ಇಳಿಸುತ್ತೇವೆ, ಉಳಿದವುಗಳಲ್ಲಿ ಉದ್ದನೆಯ ಸಲಕರಣೆ ಹಾಕಿ, ಟೀವಿ ಪರದೆ ನೋಡುತ್ತಾ ಗಡ್ಡೆಯಿರುವ ಕರುಳಿನ ತುಂಡನ್ನು ಬಿಡಿಸಿ ತೆಗೆದು ಎರಡು ತುದಿ ಜೋಡಿಸುತ್ತೇವೆ ಎಂದರು. ಇಲ್ಲಿಯ ಜನ ದುರ್ಬೀನಿನ ಆಪರೇಶನ್ ಎನ್ನುತ್ತಾರಲ್ಲ, ಅದೇ. ನೋವು ಕಡಿಮೆ, ಬೇಗ ಎದ್ದು ಓಡಾಡಬಹುದು. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿಯುತ್ತಿದ್ದರು. ನೀವು ಕೇಳಿದ್ದೇನು? 'ನಿಂಬಿಹಣ್ಣಿನಷ್ಟ ಗಡ್ಡಿ ಪೆನ್ಸಿಲ್ ತೂತಿನಾಗ ಹೆಂಗ ಹೊರಗ ಬರತೈತಿ?' ಸಿದ್ದೇಶ ಅದನ್ನು ಮರಾಠಿಯಲ್ಲಿ ತಿಳಿಸಿದಾಗ ಡಾಕ್ಟರು ನಕ್ಕು, ಹೊಕ್ಕಳಿನ ಹತ್ತಿರ ಒಂದು ಗಾಯ ಮಾತ್ರ ತುಸು ದೊಡ್ಡದು ಮಾಡಿ, ತುಂಡನ್ನು ಚೀಲದಲ್ಲಿ ಹಾಕಿ ಅಲ್ಲಿಂದ ತೆಗೆಯುತ್ತೇವೆ ಎಂದರು. ಚೀಲ ಎಂದ ಕೂಡಲೇ ನಿಮ್ಮ ಮುಖಕ್ಕೆ ಕಳೆ ಬಂತು. ವ್ಯಾಪಾರಿಯ ಬುದ್ಧಿ ಆಸ್ಪತ್ರೆಯಲ್ಲೂ ಬಿಡಲಿಲ್ಲ. ಆಮೇಲೆ ಸಂಕ್ರಾಂತಿ ಮುಗಿಯಲಿ ಎಂದಿರಿ. ಮುಗಿಯಿತು. ಹೊಸ ಮಾಲು ಬರಲಿ ಎಂದಿರಿ. ಬಂತು. ಹುಡುಗ ಡಾಕ್ಟರು, ಕೈ ನಡುಗಬಹುದು ಎಂದಿರಿ. ನಡುಗುವುದು ಮುದುಕರ ಕೈ ಎಂದು ಅಮಿತಾ ಹೇಳಿದ ಮೇಲೆ ಒಪ್ಪಿದಿರಿ.

ಅಂತೂ ಹೋದ ಸೋಮವಾರ ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದಾಗ, ಮನೆದೇವರಿಗೆ ತುಪ್ಪದ ದೀಪ ಹಚ್ಚಿ ಬಂದಿದ್ದೆ. ಕರುಳು ಸ್ವಚ್ಛವಾಗಲೆಂದು ಕೊಟ್ಟ ಆ ಜಗ್ಗುಗಟ್ಟಲೆ ಔಷಧಿಯನ್ನು ಒಂದು ಮಾತಿಲ್ಲದೆ ಕುಡಿದಿರಿ. ಎಷ್ಟು ಸಲ ಎದ್ದು ಹೋದಿರೋ ದೇವರಿಗೇ ಗೊತ್ತು, ನಾನು ಹೊರಗೆ ಬೆಂಚಿನ ಮೇಲೆ ಕೂತು ಬಾಗಿಲಿನ ಸಪ್ಪಳ ಕೇಳುತ್ತಿದ್ದೆ. ಇಷ್ಟು ಕಷ್ಟ ಪಟ್ಟವರು ಇನ್ನು ಗೆದ್ದಂತೆ ಎಂದುಕೊಂಡೆ. ಬೆಳಿಗ್ಗೆ ನನ್ನನ್ನು ಚಹಾ ಕುಡಿದು ಬಾ ಎಂದು ಕೆಳಗೆ ಕಳಿಸಿದಿರಿ. ನಾನು ಬರುವಷ್ಟರಲ್ಲಿ ಮಂಚದ ಮೇಲೆ ಆಸ್ಪತ್ರೆಯ ಅಂಗಿ ಇತ್ತು, ಅದರೊಳಗೆ ನೀವಿರಲಿಲ್ಲ. ಸಂಡಾಸಿನಲ್ಲಿದ್ದೀರೆಂದು ಬಾಗಿಲು ಬಡಿದೆ, ಯಾರೋ ಪರಗಂಡಸು ಒಳಗಿನಿಂದ ಮರಾಠಿಯಲ್ಲಿ ಬೈದ. ರೋಗಿಯ ಹೆಸರು ಹೇಳಿ ಎಂದು ಕಾವಲುಗಾರ ಕೇಳಿದ. ಮದುವೆಯಾದಾಗಿನಿಂದ ಬಾಯಲ್ಲಿ ಹೇಳದ ನಿಮ್ಮ ಹೆಸರನ್ನು ಆ ಜನರ ನಡುವೆ ಕೂಗಬೇಕಾಯಿತು. ಗುರುಶಾಂತಪ್ಪಾ, ಗುರುಶಾಂತಪ್ಪಾ ಎಂದು ಲಿಫ್ಟಿನ ಮುಂದೆ ನಿಂತು ಕೂಗಿದೆ. ಈಗ ಬರೆದೂಬಿಟ್ಟೆ. ಹೋಗಲಿ.

ನೀವು ಆಗಲೇ ಆಟೋ ಹಿಡಿದು ಊರ ಹೊರಗಿನ ವಾಡಿಗೆ ಮುಟ್ಟಿ, ಗೋದಾಮಿನ ಮುಂದೆ ಹೊರಡಲು ನಿಂತಿದ್ದ ಬಾಬುವಿನ ಲಾರಿ ಹತ್ತಿದ್ದಿರಿ. ಹೊಟ್ಟೆಯಲ್ಲಿ ಗಡ್ಡೆ, ಕರುಳಿನಲ್ಲಿ ಜುಲಾಬು. ಯವತ್ಮಾಳ ಬರುವುದರೊಳಗೆ ಎಷ್ಟು ಹೊಲ ಹುಡುಕಿ ಲಾರಿ ನಿಲ್ಲಿಸಬೇಕಾಯಿತು ಎಂದು ಬಾಬು ಹೇಳಿದ, ಅದನ್ನು ಬರೆಯಲು ನನಗೆ ನಾಚಿಕೆ. ಬುಟಿಬೋರಿಯಲ್ಲಿ ಸಿದ್ದೇಶನ ಫ್ಯಾಕ್ಟರಿಯ ಗೇಟಿನ ಮುಂದೆಯೇ ಹಾದು ಹೋದಿರಂತೆ. ಅದೇ ಹೊತ್ತಿಗೆ ಆ ಹುಡುಗ ಪಾಳಿ ಬಿಟ್ಟು, ನಿಮಗೆ ರಕ್ತ ಕೊಡಲು ನಾಗಪುರದ ಬಸ್ಸಿಗಾಗಿ ರಸ್ತೆಯ ಈಚೆ ನಿಂತಿದ್ದ. ಮಗನನ್ನು ಕಂಡು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿರಂತೆ. ಇದನ್ನು ನಾನು ಸಿದ್ದೇಶನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ನೀವೇ ಬಂದು ಅವನ ಮುಖ ನೋಡಿ.

ಇತ್ತ ನನ್ನ ಪಾಡು ಕೇಳಿ. ಆಪರೇಶನ್ ಆಯಿತೆಂದು ತಿಳಿದು ಇತವಾರಿಯ ಅರ್ಧ ಬಜಾರು ನೋಡಲು ಬಂತು. ಬಂದವರ ಕೈಯಲ್ಲೆಲ್ಲ ಕಿತ್ತಳೆ ಹಣ್ಣು. ರೋಗಿ ಎಲ್ಲಿ ಎಂದರೆ ಏನು ಹೇಳಲಿ? ದುರ್ಬೀನಿನ ಆಪರೇಶನ್ ಅಲ್ಲವೇ, ಅಷ್ಟು ಬೇಗ ಎದ್ದು ಅಂಗಡಿಗೆ ಹೋದರೇ, ಭಾರಿ ಚಲೋ ಡಾಕ್ಟರು ಎಂದು ಬಟ್ಟೆ ಅಂಗಡಿಯವರು ತಾವೇ ತಿಳಿದುಕೊಂಡು ಆಸ್ಪತ್ರೆಯ ವಿಳಾಸ ಬರೆದುಕೊಂಡು ಹೋದರು. ಆಗದ ಆಪರೇಶನ್ನಿಗೆ ಊರೆಲ್ಲ ಹೊಗಳಿಕೆ. ಹಣ್ಣು ಮನೆಯಲ್ಲಿ ಕೊಳೆಯುತ್ತಿದೆ. ಆಮೇಲೆ ಕೇಳಿದವರಿಗೆಲ್ಲ ನಾನು, ಹೆದರಿ ಓಡಿಹೋದರು, ನನ್ನ ಗಂಡ ಪುಕ್ಕಲ ಎಂದು ಸಿಟ್ಟಿನಲ್ಲಿ ಹೇಳಿಬಿಟ್ಟೆ. ನಾನೂ ಹಾಗೆಯೇ ನಂಬಿದ್ದೆ, ಮೊನ್ನೆ ಶನಿವಾರದವರೆಗೆ.

ಶನಿವಾರ ನೀವು ಬಿಟ್ಟುಹೋದ ಸಾಮಾನು ತರಲು ಆಸ್ಪತ್ರೆಗೆ ಹೋಗಿದ್ದೆ. ಹೇಮಲತಾ ಎಂಬ ನರ್ಸು ಒಂದು ಪೊಟ್ಟಣ ಕೊಟ್ಟಳು. ಗಡಿಯಾರ, ಉಂಗುರ, ಕನ್ನಡಕ, ನಿಮ್ಮ ಹಲ್ಲಿನ ಸೆಟ್ಟು. ಒಳಗೆ ಕರೆದುಕೊಂಡು ಹೋಗುವ ಮೊದಲು ಎಲ್ಲ ತೆಗೆಯಿರಿ ಎಂದಾಗ ಇಷ್ಟನ್ನೂ ನೀವು ಒಂದೊಂದಾಗಿ ತೆಗೆದು ಕೊಟ್ಟಿರಂತೆ, ಶಾಲೆಯ ಹುಡುಗನ ಹಾಗೆ. ಆಮೇಲೆ ಅವಳು ಕೊರಳಿನ ಬೆಳ್ಳಿ ಕರಡಿಗೆ ತೋರಿಸಿ ಅದನ್ನೂ ತೆಗೆಯಲು ಹೇಳಿದಳಂತೆ. ಅದರೊಳಗೆ ಲಿಂಗ ಇದೆ ಎಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು? ದೊಡ್ಡ ತಾಯಿತ ಎಂದುಕೊಂಡಿದ್ದಳು. ನೀವು ಎದೆಯ ಮೇಲೆ ಕೈ ಇಟ್ಟುಕೊಂಡು 'ಸಿಸ್ಟರ್, ಯೇ ಭೀ?' ಎಂದು ಒಂದೇ ಸಲ ಕೇಳಿದಿರಂತೆ. ಇದೂ, ಎಲ್ಲವೂ ಎಂದು ಹೇಳಿ ಅವಳು ಬೇರೆ ರೋಗಿಯ ಕಡೆ ಹೋದಳು. ತಿರುಗಿ ಬರುವಷ್ಟರಲ್ಲಿ ನೀವಿಲ್ಲ. ತನ್ನಿಂದ ಏನು ತಪ್ಪಾಯಿತು ಎಂದು ಆ ಹುಡುಗಿ ಅಂದಿನಿಂದ ಒದ್ದಾಡುತ್ತಿದ್ದಾಳೆ.

ಅಲ್ಲೇ ಆ ಬೆಂಚಿನ ಮೇಲೆ ಕೂತುಬಿಟ್ಟೆ. ನಿಮ್ಮ ಲಿಂಗದೀಕ್ಷೆಯ ದಿನ ನಿಮ್ಮ ಅಪ್ಪ ಹೇಳಿದ್ದನ್ನು ನೀವು ನನಗೆ ಎಷ್ಟು ಸಲ ಹೇಳಿದ್ದೀರಿ: ಪ್ರಾಣ ಹೋದರೂ ಲಿಂಗ ಮೈಮೇಲೆಯೇ ಇರಬೇಕು. ನಿಮಗೆ ಹೆದರಿಕೆ ಚಾಕುವಿನದಲ್ಲ. ಅರಿವು ತಪ್ಪಿಸಿ ಮಲಗಿಸಿದಾಗ, ಲಿಂಗ ಮೈಮೇಲೆ ಇಲ್ಲದ ಹೊತ್ತಿನಲ್ಲಿ ಪ್ರಾಣ ಹೋಗಿಬಿಟ್ಟರೆ ಎಂಬ ಹೆದರಿಕೆ. ಹೌದಲ್ಲವೇ? ಬಾಬು ಎದುರಿಗಿದ್ದಾನೆ ಎಂದು ಮುಖ ತಿರುಗಿಸಬೇಡಿ. ಅವನಿಗೆ ಗೊತ್ತು. ಲಾರಿಯಲ್ಲಿ ನೀವು ಅವನಿಗೆ ಹೇಳಿದಿರಂತೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿರಂತೆ. ನಾನು ಕೇಳಿದ ಮೇಲೆ ಅವನು ಆಣೆ ಮುರಿದ. ನನಗೆ ಉರಿಯುವುದು ಇಲ್ಲೇ ನೋಡಿ. ಇಷ್ಟು ವರ್ಷ ಒಟ್ಟಿಗೆ ಬಾಳಿದ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿರುವಾಗ, ಬಾಗಿಲು ತೆರೆದು ಒಂದು ಮಾತು ಹೇಳಬಾರದಾಗಿತ್ತೇ? ಚಹಾ ಕುಡಿದು ಬಾ ಎನ್ನುವ ಬದಲು, ಹಿಂಗ ಐತಿ ನೋಡು ಎನ್ನಬಾರದಾಗಿತ್ತೇ?

ಮತ್ತೊಂದು ಕೇಳುತ್ತೇನೆ. ಸಿದ್ದೇಶ ಹುಟ್ಟುವಾಗ ನನ್ನ ಹೊಟ್ಟೆಯನ್ನೂ ಕೊಯ್ದರು. ಆಗ ದುರ್ಬೀನೂ ಇರಲಿಲ್ಲ, ಏನೂ ಇರಲಿಲ್ಲ. ನನ್ನ ಲಿಂಗವನ್ನೂ ತೆಗೆಯಲು ಹೇಳಿದರು. ನಾನು ಅಳುತ್ತಾ ಅದನ್ನು ನಿಮ್ಮ ಅಂಗೈಯಲ್ಲಿಟ್ಟೆ. ನೀವು ಏನು ಹೇಳಿದಿರಿ, ನೆನಪಿದೆಯೇ? 'ನನ್ನ ಕೈಯಾಗ ಐತಿ ಅಂದ್ರ ನಿನ್ನ ಮೈಮ್ಯಾಲ ಇದ್ದಂಗ. ಹೋಗಿ ಬಾ.' ಆ ಮಾತು ಹಿಡಿದುಕೊಂಡು ನಾನು ಒಳಗೆ ಹೋದೆ. ಮಗು ಅತ್ತ ಮೇಲೂ ನೀವು ಮುಷ್ಟಿ ಬಿಚ್ಚಲಿಲ್ಲವಂತೆ, ಒಂದೇ ಕೈಯಲ್ಲಿ ಮಗನನ್ನು ಎತ್ತಿಕೊಳ್ಳಲು ಹೋಗಿ ನಿಮ್ಮ ಅವ್ವನಿಂದ ಬೈಸಿಕೊಂಡಿರಂತೆ. ಆ ನಿಯಮ ಹೆಂಡತಿಗೆ ಮಾತ್ರವೇ? ನನ್ನ ಕೈ ನಿಮ್ಮ ಕೈಗಿಂತ ಕಡಿಮೆಯೇ? ಪುಕ್ಕಲ ಎಂದದ್ದನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ. ಸಾವಿಗೆ ಹೆದರದವರು ಹೆಂಡತಿಗೆ ಹೇಳಲು ಹೆದರಿದಿರಿ.

ಇಷ್ಟು ಬೈದುಕೊಂಡೇ ಡಾಕ್ಟರ ಕೋಣೆಗೆ ಹೋದೆ. ಡಾಕ್ಟರ್ ಹೃಷಿಕೇಶ ಕನ್ನಡದವರೇ, ಆದರೆ ಅವರ ಮನೆಯ ಕನ್ನಡ ಅವರ ಅಜ್ಜಿಯ ಜೊತೆಗೇ ಹೋಗಿದೆ. ಮುರುಕು ಮರಾಠಿಯಲ್ಲಿ, ನಡುನಡುವೆ ಹಿಂದಿ ಸೇರಿಸಿ ತಿಳಿಸಿದೆ. ಲಿಂಗ ತೋರಿಸುವ ವಸ್ತುವಲ್ಲ, ಬಾಯಲ್ಲೇ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟು ಕೇಳಿದರು. ಇದನ್ನು ಅಂದೇ ಹೇಳಿದ್ದರೆ ಇಷ್ಟು ಹೊತ್ತಿಗೆ ಅವರು ಮನೆಯಲ್ಲಿ ಗಂಜಿ ಕುಡಿಯುತ್ತಿದ್ದರಲ್ಲ ಎಂದರು. ನನಗೆ ನಿಮ್ಮ ಮೇಲೆ ಮತ್ತೆ ಸಿಟ್ಟು ಬಂತು. ಒಳಗೆ ಕರೆಂಟಿನ ಸಲಕರಣೆ ಬಳಸುತ್ತಾರೆ, ಆದ್ದರಿಂದ ಮೈಮೇಲೆ ಬೆಳ್ಳಿ, ಯಾವ ಲೋಹವೂ ಇರಬಾರದು. ಕರಡಿಗೆ ಮನೆಯಲ್ಲಿರಬೇಕು. ಲಿಂಗವನ್ನು ಬರೀ ಬಟ್ಟೆಯಲ್ಲಿ ಸುತ್ತಿ ಕಟ್ಟಿಕೊಂಡರೆ ಅವರ ಅಡ್ಡಿಯಿಲ್ಲ. ಎಲ್ಲಿ ಕಟ್ಟುವುದು? ಅರಿವು ತಪ್ಪಿಸುವ ಡಾಕ್ಟರಮ್ಮನನ್ನು ಕರೆಸಿದರು. ಎದೆಯ ಮೇಲೆ ಬೇಡ, ಅಲ್ಲಿ ತಂತಿ ಅಂಟಿಸುತ್ತೇವೆ ಎಂದರು ಆಕೆ. ತೋಳಿಗೆ ಬಿ.ಪಿ. ಪಟ್ಟಿ, ಕೊರಳ ಹತ್ತಿರ ಉಸಿರಿನ ನಳಿಕೆ, ಅಂಗೈಯಲ್ಲಿಟ್ಟರೆ ಅರಿವಿಲ್ಲದಾಗ ಜಾರಿ ಬೀಳುತ್ತದೆ. ಅಲ್ಲಿಂದಲೇ ನಮ್ಮ ಅಯ್ಯನವರಿಗೆ ಫೋನ್ ಹಚ್ಚಿದೆ. ಅವರು, ತಾಯಿ, ತಲೆಯ ಮೇಲೆ ಧರಿಸುವುದೂ ಶಾಸ್ತ್ರದಲ್ಲೇ ಇದೆ, ಹಿಂದಿನವರು ಧರಿಸುತ್ತಿದ್ದರು, ಏನೂ ದೋಷವಿಲ್ಲ ಎಂದರು. ಹೇಗೂ ಒಳಗೆ ಎಲ್ಲ ರೋಗಿಗಳ ತಲೆಗೂ ಹಸಿರು ಬಟ್ಟೆಯ ಟೊಪ್ಪಿಗೆ ಹಾಕುತ್ತಾರಂತೆ. ಅದರ ಕೆಳಗೆ ನೆತ್ತಿಯ ಮೇಲೆ ಲಿಂಗ ಇರುತ್ತದೆ. ಡಾಕ್ಟರಮ್ಮ ಒಪ್ಪಿದರು. ಬಟ್ಟೆಯನ್ನು ಆಸ್ಪತ್ರೆಯವರೇ ಕೊಡುತ್ತಾರೆ, ಕಟ್ಟುವುದನ್ನು ಹೊರಗಿನ ಕೋಣೆಯಲ್ಲಿ ಮನೆಯವರು ಮಾಡಬಹುದು. ಒಂದೇ ಎಚ್ಚರಿಕೆ ಹೇಳಿದರು: ಕರುಳು ಮೇಲಕ್ಕೆ ಸರಿಯಲೆಂದು ಮೇಜನ್ನು ಓರೆ ಮಾಡಿ ತಲೆ ಕೆಳಗೆ ಬರುವಂತೆ ಮಲಗಿಸುತ್ತಾರೆ, ಆದ್ದರಿಂದ ಗಂಟು ಬಿಗಿಯಾಗಿರಬೇಕು.

ನಿಮಗೆ ಇನ್ನು ಯಾವ ನೆಪವೂ ಉಳಿದಿಲ್ಲ. ಈ ಕಾಗದ ಓದಲೆಂದು ಕನ್ನಡಕವನ್ನು ಬಾಬುವಿನ ಕೈಯಲ್ಲಿ ಕಳಿಸಿದ್ದೇನೆ, ಹಲ್ಲಿನ ಸೆಟ್ಟನ್ನು ಮಾತ್ರ ನಾನು ಕಳಿಸುತ್ತಿಲ್ಲ. ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ಅಕ್ಕನ ಕೈಯ ಕಟಕ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಾ ನನ್ನನ್ನು ನೆನೆಯಿರಿ. ಬಂದರೆ ಹಲ್ಲು ಸಿಗುತ್ತದೆ. ಲಾರಿಯಲ್ಲಿ ಬರಬೇಡಿ, ಮೈ ಕುಲುಕಬಾರದು. ಸಿದ್ದೇಶ ಹುಬ್ಬಳ್ಳಿಯವರೆಗೆ ಬಂದು ರೈಲಿನಲ್ಲಿ ಕರೆದುಕೊಂಡು ಬರುತ್ತಾನೆ. ರಜೆ ಕೇಳಿದ್ದಾನೆ, ನಿಮ್ಮ ಮೇಲೆ ಅವನಿಗೆ ಸಿಟ್ಟಿಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಮಾಡುತ್ತಿದ್ದೇನೆ. ಈ ಕಾಗದವನ್ನು ತಾನೇ ಬರೆಯುತ್ತೇನೆ ಎಂದಿದ್ದ, ಅವನು ಕನ್ನಡ ಅಕ್ಷರ ಜೋಡಿಸಲು ಹೊರಟರೆ ಶಿವರಾತ್ರಿ ಮುಗಿದುಹೋಗುತ್ತದೆ ಎಂದು ನಾನು ಕೂತೆ. ಆಪರೇಶನ್ ಆದ ಮೇಲೆ ಪರೀಕ್ಷೆ ನೋಡಿ ಔಷಧಿ ಬೇಕೋ ಬೇಡವೋ ಹೇಳುತ್ತಾರಂತೆ, ಅದನ್ನು ಆಗ ನೋಡೋಣ. ಆಗ ಬೇಕಾದರೆ ಮತ್ತೆ ಜಗಳ ಆಡೋಣ.

ಮುಚ್ಚಿಟ್ಟು ಪ್ರಯೋಜನವಿಲ್ಲ, ನನಗೆ ಹೆದರಿಕೆಯಾಗಿದೆ. ಬೆಳಿಗ್ಗೆ ಪೂಜೆಗೆ ಕೂತರೆ ಪಕ್ಕದ ಮಣೆ ಖಾಲಿ ಇರುತ್ತದೆ, ಆಗ ನನ್ನ ಸಿಟ್ಟೆಲ್ಲ ಇಳಿದುಹೋಗುತ್ತದೆ. ನೀವಿಲ್ಲದೆ ನನಗೆ ಆಗುವುದಿಲ್ಲ. ಇದನ್ನು ಓದುವಾಗ ಬಾಬುವನ್ನು ಆಚೆ ಕಳಿಸಿ.

ಚಂದ್ರಮ್ಮಕ್ಕನವರಿಗೆ ನನ್ನ ಶರಣಾರ್ಥಿ ತಿಳಿಸಿ. ತಮ್ಮನನ್ನು ಅಡಗಿಸಿಟ್ಟದ್ದಕ್ಕೆ ಅವರ ಮೇಲೆ ಕೋಪವಿಲ್ಲ, ಅವರೂ ಹೆದರಿದ್ದಾರೆ ಎಂದು ನನಗೆ ಗೊತ್ತು. ಖಾರ ಕಡಿಮೆ ಹಾಕಲು ಹೇಳಿ. ಅಮಿತಾ ನಿಮಗೆ ನಮಸ್ಕಾರ ಹೇಳಿದ್ದಾಳೆ. ನಮ್ಮಿಬ್ಬರನ್ನೂ ಆ ಬಸವಣ್ಣ ಒಟ್ಟಿಗೇ ಕಾಯಲಿ.

ನಿಮ್ಮ,
ಬಸವಣ್ಣೆವ್ವ

ತಾ.ಕ.: ಬಾಬು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ತಲೆ ಕೆಳಗಾದಾಗ ಗಂಟು ಜಾರಿದರೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಅದಕ್ಕೆ ಹೇಮಲತಾಳಿಂದ ಒಂದು ಹಸಿರು ಟೊಪ್ಪಿಗೆ ಇಸಿದುಕೊಂಡು ಬಂದಿದ್ದೆ. ಇವತ್ತು ಮಧ್ಯಾಹ್ನ ಅಂಗಡಿಯ ಹಮಾಲರನ್ನು ಕರೆಸಿ, ನಮ್ಮ ಮಂಚದ ಕಾಲ್ದೆಸೆಗೆ ಮೆಣಸಿನಕಾಯಿ ಚೀಲ ಕೊಟ್ಟು ಎತ್ತರ ಮಾಡಿಸಿದೆ. ಅವರು ಹೋದ ಮೇಲೆ ನನ್ನ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ನೆತ್ತಿಗೆ ಕಟ್ಟಿ, ಟೊಪ್ಪಿಗೆ ಹಾಕಿಕೊಂಡು, ತಲೆ ಕೆಳಗೆ ಮಾಡಿ ಮಲಗಿದೆ. ನಿಮ್ಮ ಆಪರೇಶನ್ ಎಷ್ಟು ಹೊತ್ತು ಎಂದು ಡಾಕ್ಟರು ಹೇಳಿದ್ದರೋ ಅಷ್ಟು ಹೊತ್ತೂ. ಅಮಿತಾ ಒಳಗೆ ಬಂದು ನನಗೆ ಹುಚ್ಚು ಹಿಡಿಯಿತೆಂದು ಸಿದ್ದೇಶನಿಗೆ ಫೋನ್ ಮಾಡಿದಳು. ಮುಖಕ್ಕೆಲ್ಲ ರಕ್ತ ಇಳಿದು ಕಣ್ಣು ಕೆಂಪಾಗಿವೆ, ಕುತ್ತಿಗೆ ಹಿಡಿದುಕೊಂಡಿದೆ, ಮೆಣಸಿನಕಾಯಿ ಘಾಟಿಗೆ ಸೀನು ನಿಂತಿಲ್ಲ. ಅಷ್ಟೆಲ್ಲ ಸೀನಿದರೂ ಗಂಟು ಒಂದು ಕೂದಲಿನಷ್ಟೂ ಜಾರಲಿಲ್ಲ. ಬನ್ನಿ, ನಿಮ್ಮದನ್ನೂ ನಾನೇ ಕಟ್ಟುತ್ತೇನೆ.